ಹಿಂಜರಿತಕ್ಕೆ ಪಂಚಾಂಗವಿಲ್ಲ

2001ರ ಸೆಪ್ಟೆಂಬರ್ 17ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 684 ಅಂಶ ಕುಸಿಯಿತು. 2008ರ ಸೆಪ್ಟೆಂಬರ್ 29ರಂದು 777 ಅಂಶ. ಯೆಹೂದಿ ಪಂಚಾಂಗದ ಪ್ರಕಾರ ಎರಡೂ ಏಳನೆಯ ವರ್ಷದ, ಅಂದರೆ ಸಾಲ ಬಿಟ್ಟುಕೊಡಬೇಕಾದ ವರ್ಷದ, ಕೊನೆಯ ದಿನಗಳು. ನ್ಯೂಜೆರ್ಸಿಯ ಧರ್ಮಬೋಧಕ ಜೊನಾಥನ್ ಕಾನ್ ಈ ಹೊಂದಾಣಿಕೆಯ ಬಗ್ಗೆ 2014ರಲ್ಲಿ ಬರೆದ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಮುಂದಿನ ಏಳನೆಯ ವರ್ಷ ಮುಗಿಯುವುದು 2015ರ ಸೆಪ್ಟೆಂಬರಿನಲ್ಲಿ. ಓದಿದವರು ಅತ್ತ ಕಣ್ಣು ನೆಟ್ಟು ಕೂತರು. ಆ ಆಗಸ್ಟಿನಲ್ಲಿ ಷೇರುಪೇಟೆ ಒಮ್ಮೆ ನಡುಗಿತು, ಅಷ್ಟೇ. ಹಿಂಜರಿತ ಬಂದದ್ದು 2020ರಲ್ಲಿ.

ಅಮೆರಿಕದ ಕ್ರೈಸ್ತ ವಲಯದಲ್ಲಿ ಹಣಕಾಸಿನ ಬೋಧನೆಗೆ ದೊಡ್ಡ ಪರಂಪರೆಯೇ ಇದೆ. ಅದರಲ್ಲಿ ಎರಡು ಎಳೆಗಳಿವೆ: ಕುಸಿತದ ದಿನ ಹೇಳುವುದು ಒಂದು, ಕುಸಿತ ಬಂದರೂ ಮನೆ ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು. ಕೆಲಸಕ್ಕೆ ಬರುವುದು ಎರಡನೆಯದು.

ಚಕ್ರ ಸುತ್ತುವುದು ಹೇಗೆ?

ಉತ್ಪಾದನೆ, ಉದ್ಯೋಗ, ಆದಾಯ, ಮಾರಾಟ ಇವೆಲ್ಲ ಒಟ್ಟಿಗೆ, ಕೆಲವು ತಿಂಗಳಿಗೂ ಮೀರಿ ಇಳಿದರೆ ಅದು ಹಿಂಜರಿತ. ಒಳ್ಳೆಯ ಕಾಲದಲ್ಲಿ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಡುತ್ತವೆ, ಕಂಪನಿಗಳು ಬೇಡಿಕೆ ಹೀಗೇ ಇರುತ್ತದೆಂದು ನಂಬಿ ಸರಕು ಪೇರಿಸುತ್ತವೆ. ಬಡ್ಡಿ ಏರಿದಾಗಲೋ ಬೇಡಿಕೆ ತಗ್ಗಿದಾಗಲೋ ಸರಕು ಗೋದಾಮಿನಲ್ಲೇ ಉಳಿಯುತ್ತದೆ. ಕೆಲಸ ಹೋದವರು ಖರ್ಚು ಬಿಗಿ ಮಾಡುತ್ತಾರೆ. ಒಬ್ಬರ ಖರ್ಚೇ ಇನ್ನೊಬ್ಬರ ಆದಾಯವಾದ್ದರಿಂದ ಹೊಡೆತ ಹರಡುತ್ತದೆ.

ಇದು ಮರುಕಳಿಸುತ್ತದೆ, ನಿಜ. ಆದರೆ ಅಮೆರಿಕದಲ್ಲಿ ಹಿಂಜರಿತಗಳು ಶುರುವಾದ ತಿಂಗಳು ನೋಡಿ: 1980ರ ಜನವರಿ, 1981ರ ಜುಲೈ, 1990ರ ಜುಲೈ, 2001ರ ಮಾರ್ಚ್, 2007ರ ಡಿಸೆಂಬರ್, 2020ರ ಫೆಬ್ರುವರಿ. ನಡುವಿನ ಅಂತರ ಒಮ್ಮೆ ಒಂದೂವರೆ ವರ್ಷ, ಒಮ್ಮೆ ಹನ್ನೆರಡು ವರ್ಷ. ಕಾರಣಗಳೂ ಬೇರೆಬೇರೆ: ಹಣದುಬ್ಬರ ಇಳಿಸಲು ಏರಿಸಿದ ಬಡ್ಡಿ, ಡಾಟ್‌ಕಾಂ ಗುಳ್ಳೆ, ಗೃಹಸಾಲ, ಕೋವಿಡ್.

ಸುದ್ದಿ ಬರುವ ಹೊತ್ತಿಗೆ

ಹಿಂಜರಿತದ ಆರಂಭ, ಅಂತ್ಯಗಳನ್ನು ಅಮೆರಿಕದಲ್ಲಿ ಅಧಿಕೃತವಾಗಿ ಗುರುತಿಸುವುದು ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್. 2007ರ ಡಿಸೆಂಬರಿನಲ್ಲಿ ಹಿಂಜರಿತ ಶುರುವಾಗಿತ್ತು ಎಂದು ಅದು ಹೇಳಿದ್ದು 2008ರ ಡಿಸೆಂಬರಿನಲ್ಲಿ. 2009ರ ಜೂನ್‌ನಲ್ಲಿ ಮುಗಿಯಿತು ಎಂದದ್ದು 2010ರ ಸೆಪ್ಟೆಂಬರಿನಲ್ಲಿ. ಎಸ್ ಅಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರಿನ ಎತ್ತರದಿಂದ ಸುಮಾರು ಶೇ 57ರಷ್ಟು ಬಿದ್ದು ತಳ ಮುಟ್ಟಿದ್ದು 2009ರ ಮಾರ್ಚ್ 9ರಂದು, ಅಂದರೆ ಹಿಂಜರಿತ ಮುಗಿಯುವುದಕ್ಕೂ ಮೂರು ತಿಂಗಳು ಮೊದಲು. ಅಧಿಕೃತ ಮಾತಿಗಾಗಿ ಕಾದವರು ಮರಳುವಷ್ಟರಲ್ಲಿ ಪೇಟೆ ತಳದಿಂದ ಶೇ 50ಕ್ಕೂ ಹೆಚ್ಚು ಏರಿಬಿಟ್ಟಿತ್ತು.

ಭಾರತದಲ್ಲಿ 2008–09ರಲ್ಲಿ ಆರ್ಥಿಕತೆ ಕುಗ್ಗಲೇ ಇಲ್ಲ, ಬೆಳವಣಿಗೆ ನಿಧಾನವಾಯಿತಷ್ಟೆ. ಆದರೂ 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಇಳಿಯಿತು. ಪೇಟೆ ಬೀಳಲು ನಮ್ಮ ಮನೆಯಲ್ಲೇ ಹಿಂಜರಿತ ಇರಬೇಕೆಂದೇನೂ ಇಲ್ಲ.

ಭಯಪಟ್ಟು ಹೊರಗೆ ನಿಂತರೂ ನಷ್ಟವೇ. ಕ್ರೈಸ್ತ ಹಣಕಾಸು ಬೋಧನೆಯ ಹಿರಿಯ ಲ್ಯಾರಿ ಬರ್ಕೆಟ್ 1991ರಲ್ಲಿ ಆರ್ಥಿಕ ಭೂಕಂಪ ಬರಲಿದೆ ಎಂದು ಎಚ್ಚರಿಸಿ ಪುಸ್ತಕ ಬರೆದರು. ಅದೇ ವರ್ಷದ ಮಾರ್ಚ್‌ನಲ್ಲಿ ಶುರುವಾದ ಏರುಗಾಲ ಹತ್ತು ವರ್ಷ ನಡೆಯಿತು. ಬಜೆಟ್, ಸಾಲಗಳ ಬಗ್ಗೆ ಬರ್ಕೆಟ್ ಹೇಳಿದ್ದು ಇಂದಿಗೂ ಸಲ್ಲುತ್ತದೆ, ತಪ್ಪಿದ್ದು ಭವಿಷ್ಯ.

ಯೋಸೇಫನ ಲೆಕ್ಕ

ಈ ಬೋಧಕರೆಲ್ಲ ಎತ್ತಿಕೊಳ್ಳುವ ಕಥೆ ಬೈಬಲ್ಲಿನ ಆದಿಕಾಂಡದ 41ನೆಯ ಅಧ್ಯಾಯದ್ದು. ಏಳು ವರ್ಷ ಸುಭಿಕ್ಷ, ಏಳು ವರ್ಷ ಬರ. ಯೋಸೇಫನಿಗೆ ವೇಳಾಪಟ್ಟಿ ಈಜಿಪ್ಟಿನ ದೊರೆ ಫರೋಹನ ಕನಸಿನ ಮೂಲಕ ಸಿಕ್ಕಿತು. ನಮಗೆ ಅದು ಸಿಗುವುದಿಲ್ಲ. ಅನುಸರಿಸಬಹುದಾದ್ದು ಅವನ ಕ್ರಮವನ್ನು ಮಾತ್ರ: ಬೆಳೆದದ್ದರಲ್ಲಿ ಐದನೆಯ ಒಂದು ಪಾಲು ಕಣಜಕ್ಕೆ.

ತಿಂಗಳಿಗೆ 50,000 ರೂಪಾಯಿ ಸಂಬಳ ಎನ್ನಿ. ದಶಮಾಂಶ (ದಾನಕ್ಕೆ ಹತ್ತನೆಯ ಒಂದು ಪಾಲು) 5,000, ಕಣಜಕ್ಕೆ 10,000, ಮನೆ ಖರ್ಚಿಗೆ 35,000. ಒಂದು ವರ್ಷಕ್ಕೆ ಕೂಡುವುದು 1,20,000; ಅಂದರೆ ಹೆಚ್ಚುಕಡಿಮೆ ಮೂರೂವರೆ ತಿಂಗಳ ಮನೆ ಖರ್ಚು. ಇದೇ ವಲಯದ ಬೋಧಕ ಡೇವ್ ರಾಮ್ಸೆಯಂಥವರು ಹೇಳುವ ಮೂರರಿಂದ ಆರು ತಿಂಗಳ ತುರ್ತುನಿಧಿ ಎರಡು ವರ್ಷದೊಳಗೆ ಸಿದ್ಧ. ಇದು ಇರಬೇಕಾದ್ದು ಉಳಿತಾಯ ಖಾತೆ ಅಥವಾ ಎಫ್‌ಡಿಯಲ್ಲಿ, ಷೇರಿನಲ್ಲಲ್ಲ.

ಏಕೆಂಬುದಕ್ಕೆ ಉತ್ತರ ಆದಿಕಾಂಡದ 47ನೆಯ ಅಧ್ಯಾಯದಲ್ಲಿದೆ. ಉಪದೇಶಗಳಲ್ಲಿ ಅಪರೂಪಕ್ಕೆ ಬರುವ ಭಾಗ ಅದು. ಬರ ಬಂದಾಗ ಈಜಿಪ್ಟಿನ ಜನರ ಹಣ ಮೊದಲು ಮುಗಿಯಿತು, ಆಮೇಲೆ ದನಕರು ಹೋದವು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಮಾರಿಕೊಂಡರು. ಹಿಂಜರಿತದಲ್ಲಿ ಇಂದಿಗೂ ಆಸ್ತಿ ಕೈಬದಲಾಗುವುದು ಹೀಗೆಯೇ. ಕೂಡಿಟ್ಟವರು ಅಗ್ಗದಲ್ಲಿ ಕೊಳ್ಳುತ್ತಾರೆ, ಇಲ್ಲದವರು ಅಗ್ಗದಲ್ಲಿ ಮಾರುತ್ತಾರೆ. ಕೆಲಸ ಹೋದ ತಿಂಗಳಲ್ಲೇ ಫಂಡ್ ಮಾರಬೇಕಾದ ಸ್ಥಿತಿ ಬರದಿರಲಿ ಎಂಬುದಕ್ಕೇ ತುರ್ತುನಿಧಿ.

ಸಾಲ ಕಳೆ

ಸಾಲಗಾರನು ಸಾಲಕೊಟ್ಟವನಿಗೆ ಅಧೀನ ಎಂಬುದು ಜ್ಞಾನೋಕ್ತಿಗಳ 22ನೆಯ ಅಧ್ಯಾಯದ ವಿವೇಕ. ಅದನ್ನು ಲೆಕ್ಕದಲ್ಲೂ ನೋಡಬಹುದು. ಕೈಯ 5 ಲಕ್ಷಕ್ಕೆ ಸಾಲದ 5 ಲಕ್ಷ ಸೇರಿಸಿ ಷೇರು ಕೊಂಡಿದ್ದೀರಿ. ಬೆಲೆ ಅರ್ಧವಾದರೆ ಉಳಿಯುವುದು 5 ಲಕ್ಷ, ಅದಷ್ಟೂ ಸಾಲಕ್ಕೆ. ಸಾಲವಿಲ್ಲದವರು ಅರ್ಧ ಕಳೆದುಕೊಂಡಾಗ ನೀವು ಪೂರ್ತಿ ಕಳೆದುಕೊಂಡಿರುತ್ತೀರಿ, ಇಎಂಐ ಬಡ್ಡಿ ಬೇರೆ. ಆದ್ದರಿಂದ ಕ್ರೆಡಿಟ್ ಕಾರ್ಡ್, ವೈಯಕ್ತಿಕ ಸಾಲಗಳು ಮೊದಲು ತೀರಲಿ. ಚಿಕ್ಕ ಸಾಲ ಮೊದಲು ತೀರಿಸಿ, ಅದು ಹುರುಪು ಕೊಡುತ್ತದೆ ಎನ್ನುತ್ತಾರೆ ರಾಮ್ಸೆ. ಆದರೆ ಬಡ್ಡಿ ಹೆಚ್ಚು ಉಳಿಯುವುದು ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿದಾಗ.

ಏಳು ಪಾಲು, ಎಂಟು ಪಾಲು

ಮುಂದೆ ಯಾವ ಕೇಡು ಬರುವುದೋ ತಿಳಿಯದು, ಆದ್ದರಿಂದ ಏಳು ಎಂಟು ಪಾಲು ಮಾಡು ಎಂಬರ್ಥದ ಸಲಹೆ ಪ್ರಸಂಗಿಯ 11ನೆಯ ಅಧ್ಯಾಯದಲ್ಲಿದೆ. ಇಡೀ ಪೇಟೆ ಚೇತರಿಸಿಕೊಂಡರೂ ಒಂದೊಂದು ಕಂಪನಿ ಚೇತರಿಸಿಕೊಳ್ಳುತ್ತದೆಂಬ ಭರವಸೆ ಇಲ್ಲ. 2008ರಲ್ಲಿ ಮುಳುಗಿದ ಲೀಮನ್ ಬ್ರದರ್ಸ್ ಮತ್ತೆ ಏಳಲಿಲ್ಲ. ಹತ್ತಾರು ಕಂಪನಿಗಳಿರುವ ಇಂಡೆಕ್ಸ್ ಫಂಡ್, ಜೊತೆಗೆ ಎಫ್‌ಡಿ, ಪಿಪಿಎಫ್, ಸ್ವಲ್ಪ ಚಿನ್ನ ಇದ್ದರೆ ಒಂದೇ ಪೆಟ್ಟು ಎಲ್ಲಕ್ಕೂ ಬೀಳದು.

ಸಮಯವನ್ನೂ ಪಾಲು ಮಾಡುವ ದಾರಿ ಎಸ್‌ಐಪಿ. ತಿಂಗಳಿಗೆ 5,000 ರೂಪಾಯಿ ಹಾಕುತ್ತೀರಿ, ಯೂನಿಟ್ ಬೆಲೆ ಐದು ತಿಂಗಳಲ್ಲಿ 100, 80, 50, 80, 100 ರೂಪಾಯಿ ಆಯಿತೆನ್ನಿ. ಸಿಗುವ ಯೂನಿಟ್‌ಗಳು 50, 62.5, 100, 62.5, 50, ಒಟ್ಟು 325. ಹಾಕಿದ್ದು 25,000, ಕೊನೆಗೆ ಬೆಲೆ 32,500. ಬೆಲೆ ಹೊರಟಲ್ಲಿಗೇ ಮರಳಿದರೂ ಲಾಭ ಬಂದದ್ದು, ಬೆಲೆ ಇಳಿದ ತಿಂಗಳುಗಳಲ್ಲೂ ಕಂತು ನಿಲ್ಲಿಸದ ಕಾರಣಕ್ಕೆ. ನಿಜ ಜೀವನದಲ್ಲಿ ಇದಕ್ಕೆ ವರ್ಷಗಳೇ ಹಿಡಿಯಬಹುದು: ಎಸ್ ಅಂಡ್ ಪಿ 500 ತನ್ನ 2007ರ ಎತ್ತರಕ್ಕೆ ಮರಳಿದ್ದು 2013ರಲ್ಲಿ. ಐದಾರು ವರ್ಷದೊಳಗೆ ಬೇಕಾಗುವ ಫೀಸು, ಮದುವೆಯ ದುಡ್ಡು ಷೇರಿನಲ್ಲಿ ಇರಬಾರದು.

ಕೊಡುವ ಪಾಲು

ಕೂಡಿಡುವುದೇ ಧರ್ಮವಾದರೆ ಲೂಕನ ಸುವಾರ್ತೆಯ 12ನೆಯ ಅಧ್ಯಾಯದ ಶ್ರೀಮಂತನೂ ಜಾಣನೇ. ದೊಡ್ಡ ಕಣಜ ಕಟ್ಟಲು ಹೊರಟವನನ್ನು ಯೇಸು ಬುದ್ಧಿಹೀನರ ಸಾಲಿಗೆ ಸೇರಿಸುತ್ತಾರೆ. ಅವನ ಲೆಕ್ಕದಲ್ಲಿ ಬೇರೆಯವರೇ ಇರಲಿಲ್ಲ. ಯಾಜಕಕಾಂಡದ ನಿಯಮವಾದರೋ ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಲು ಹೇಳುತ್ತದೆ. ಅದು ಎಲ್ಲ ಸುಗ್ಗಿಗೂ ಅನ್ವಯ, ಸುಗ್ಗಿ ದೊಡ್ಡದಿರಲಿ, ಚಿಕ್ಕದಿರಲಿ.

ಆಚರಣೆಗೆ ತರುವುದು ಸುಲಭ. ದಾನವನ್ನು ಇಷ್ಟು ರೂಪಾಯಿ ಎನ್ನದೆ ಆದಾಯದ ಇಷ್ಟು ಶೇಕಡಾ ಎಂದು ಗೊತ್ತುಮಾಡಿಕೊಂಡರೆ ಆದಾಯ ಇಳಿದಾಗ ಅದೂ ತಾನಾಗಿ ಇಳಿಯುತ್ತದೆ, ನಿಲ್ಲುವುದಿಲ್ಲ. ತುರ್ತುನಿಧಿ ಆರು ತಿಂಗಳ ಖರ್ಚು ದಾಟಿದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಚಿಕ್ಕ ಖಾತೆ ತೆರೆಯಿರಿ. ಸಭೆಯಲ್ಲೋ ಬಳಗದಲ್ಲೋ ಯಾರಿಗಾದರೂ ಕೆಲಸ ಹೋದ ತಿಂಗಳು ಅವರ ಮನೆ ಬಾಡಿಗೆಗೆ ಹೋಗಬೇಕಾದ ದುಡ್ಡು ಅದು. ಎಷ್ಟು, ಯಾರಿಗೆ ಎಂಬುದನ್ನು ಸಂಬಳ ಸರಿಯಾಗಿ ಬರುತ್ತಿರುವಾಗಲೇ ಮನೆಯವರೆಲ್ಲ ಕೂತು ಬರೆದಿಟ್ಟುಕೊಳ್ಳಿ. ಪೇಟೆ ಬಿದ್ದ ವಾರ ಅಂಥ ತೀರ್ಮಾನ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ.