ಪಾದದ ಕೀಲಿನ ಶಸ್ತ್ರಚಿಕಿತ್ಸೆ: ಸಹಜವಾದ ಬಾವು, ಅಪಾಯದ ಬಾವು

ಪಾದದ ಕೀಲು ಮುರಿದು ಶಸ್ತ್ರಚಿಕಿತ್ಸೆಯಾದವರನ್ನು ಮನೆಗೆ ಕರೆತಂದ ಮೇಲೆ ಮನೆಮಂದಿಯನ್ನು ಮೊದಲು ಕಾಡುವುದು ಬಾವು. ಆಲಮಟ್ಟಿ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗಾಗಿ ನಿರ್ಮಾಣವಾದ ಬಾಗಲಕೋಟೆಯ ನವನಗರದಲ್ಲಿ ಇಂದು ಜಿಲ್ಲಾ ಆಸ್ಪತ್ರೆಯೂ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. ಆದರೆ ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಬಂದವರು ಚಿಕಿತ್ಸೆ ಮುಗಿದೊಡನೆ ಊರಿಗೆ ಮರಳುತ್ತಾರೆ. ಆ ಬಳಿಕ ಕಾಲನ್ನು ದಿನವೂ ಗಮನಿಸಬೇಕಾದವರು ಮನೆಯವರೇ.

ಗಾಯವಾದೆಡೆಗೆ ರಕ್ತವೂ ದ್ರವವೂ ಹೆಚ್ಚಾಗಿ ಹರಿಯುವುದು ಶರೀರದ ಸ್ವಭಾವ. ಪಾದದ ರಕ್ತವನ್ನು ಹೃದಯದತ್ತ ಮೇಲಕ್ಕೆ ನೂಕುವುದು ಮೀನಖಂಡದ ಸ್ನಾಯು. ನಡಿಗೆ ನಿಂತರೆ ಆ ಕೆಲಸವೂ ಕುಂಠಿತವಾಗುತ್ತದೆ. ಆದ್ದರಿಂದ ಕಾಲು ಬೆಳಿಗ್ಗೆ ಇಳಿದಿದ್ದು ಸಂಜೆಗೆ ಊದಿಕೊಳ್ಳುವುದು, ನೀಲಿ ಕಲೆ ಬೆರಳುಗಳವರೆಗೆ ಹಬ್ಬುವುದು ಸಹಜ. ಇಂತಹ ಬಾವು ಮೂರರಿಂದ ಆರು ತಿಂಗಳು, ಕೆಲವರಲ್ಲಿ ಒಂದು ವರ್ಷವೂ ಉಳಿಯಬಹುದು. ಕುಣಿಯ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯುವ ಇಳಕಲ್ಲಿನ ನೇಕಾರರಿಗೆ ಇದು ಇನ್ನಷ್ಟು ಕಾಡುವುದು ಸ್ವಾಭಾವಿಕ.

ಕಾಲನ್ನು ಸ್ಟೂಲಿನ ಮೇಲಿಟ್ಟರೆ ಸಾಲದು. ಮಲಗಿ, ದಿಂಬುಗಳನ್ನಿಟ್ಟು, ಪಾದವು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಮಾಡಬೇಕು. ಪೂಜೆಗೆ ನೆಲದ ಮೇಲೆ ಕಾಲು ಮಡಚಿ ಕೂಡುವ ಹಿರಿಯರು ವೈದ್ಯರು ಒಪ್ಪುವವರೆಗೆ ಮಂಚದ ಮೇಲೆ ಕಾಲು ಚಾಚಿ ಕುಳಿತರೆ ತಪ್ಪೇನು? ಇಷ್ಟಲಿಂಗವಿರುವುದು ಅಂಗೈಯಲ್ಲಿ.

ರಾತ್ರಿಯಿಡೀ ಕಾಲು ಎತ್ತರದಲ್ಲಿದ್ದರೂ ಇಳಿಯದೆ ದಿನೇ ದಿನೇ ಏರುವ ಬಾವಿನ ವಿಷಯ ಬೇರೆ. ಅದರಲ್ಲೂ ಮೀನಖಂಡ ಬಿಗಿದು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಮೀನಖಂಡಗಳನ್ನು ಒಂದೇ ಎತ್ತರದಲ್ಲಿ ಟೇಪಿನಿಂದ ಅಳೆದು ನೋಡಿರಿ. 3 ಸೆಂಟಿಮೀಟರಿಗಿಂತ ಹೆಚ್ಚಿನ ಅಂತರವನ್ನು ವೈದ್ಯರು ಲಘುವಾಗಿ ಕಾಣುವುದಿಲ್ಲ. ಅಂತರ ಕಡಿಮೆಯಿದ್ದ ಮಾತ್ರಕ್ಕೆ ನೋವನ್ನು ಕಡೆಗಣಿಸಲೂ ಆಗದು. ನಮ್ಮ ಮನೆಗಳಲ್ಲಿ ಬಾವು ಕಂಡೊಡನೆ ಎಣ್ಣೆ ಕಾಯಿಸಿ ತಿಕ್ಕುವ ರೂಢಿಯಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ಹೆಪ್ಪು ಇದ್ದಲ್ಲಿ ತಿಕ್ಕಿದರೆ ಅದು ಕಿತ್ತು ಪುಪ್ಪುಸಕ್ಕೆ ಸಾಗಿ ಪ್ರಾಣಕ್ಕೇ ಎರವಾದೀತು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಆ ಕ್ಷಣವೇ 108ಕ್ಕೆ ಕರೆ ಮಾಡಿರಿ.

ಪ್ಲಾಸ್ಟರ್ ಹಾಕಿದ್ದರೆ ಬೆರಳುಗಳನ್ನು ಪದೇ ಪದೇ ನೋಡುತ್ತಿರಬೇಕು. ಉಗುರನ್ನು ಒತ್ತಿ ಬಿಟ್ಟಾಗ ಸುಮಾರು ಎರಡು ಸೆಕೆಂಡುಗಳಲ್ಲಿ ಬಣ್ಣ ಮರಳಬೇಕು. ಬೆರಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದು, ಗುಳಿಗೆಗೂ ಬಗ್ಗದ ನೋವಿದ್ದರೆ ಬೆಳಗಾಗಲೆಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಶಾಶ್ವತವಾಗಿ ಕೆಡಬಹುದು.

ಹೊಲಿಗೆಯ ಸುತ್ತ ಕೆಂಪು ಹರಡುವುದು, ಕೀವು, ದುರ್ವಾಸನೆ, 100.4 ಡಿಗ್ರಿ ಮೀರಿದ ಜ್ವರ, ಇಳಿಯುತ್ತಿದ್ದ ನೋವು ಮತ್ತೆ ಏರುವುದು ಸೋಂಕಿನ ಸೂಚನೆಗಳು. ಅಂದೇ ವೈದ್ಯರಿಗೆ ತೋರಿಸಬೇಕು. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಹೋದರೆ ಅವರಿಗೆ ಕೆಂಪಾವುದು, ಹಳದಿಯಾವುದು ತಿಳಿಯದು.

ಸಕ್ಕರೆ ಕಾಯಿಲೆಯುಳ್ಳವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಸೋಂಕಾದರೂ ನೋವು ಕಾಣದಿರಬಹುದು. ಅಂಥವರ ಪಾದವನ್ನು ಬೆಳಿಗ್ಗೆ, ಸಂಜೆ ಮನೆಯವರೇ ಬೆಳಕಿನಲ್ಲಿ ನೋಡಬೇಕು. ವೈದ್ಯರನ್ನು ಕೇಳದೆ ಮಂಜುಗಡ್ಡೆ ಇಡಬಾರದು.