ಪೊರೆಯೆಂಬ ಜರಡಿ

ಹಿಟ್ಟಿನಿಂದ ಹೊಟ್ಟನ್ನು ಜರಡಿಯಿಂದಲೂ, ಅಕ್ಕಿಯಿಂದ ಕಲ್ಲನ್ನು ಮೊರದಿಂದಲೂ ಬೇರ್ಪಡಿಸುವ ಕಲೆಯು ನಮ್ಮ ಗೃಹಿಣಿಯರಿಗೆ ಕರತಲಾಮಲಕ. ಆದರೆ ನೀರಿನಲ್ಲಿ ಕರಗಿಹೋದ ಉಪ್ಪನ್ನು ಯಾವ ಬಟ್ಟೆಯಿಂದ ಸೋಸಬಹುದು? ನೀರನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದೇ ಬಹುಕಾಲ ಜನರು ಬಲ್ಲ ಉಪಾಯವಾಗಿದ್ದಿತು. ಅದಕ್ಕೆ ತಗಲುವ ಉರುವಲಿನ ವೆಚ್ಚವೋ ಅಪಾರ. ಈಗ ಅನೇಕ ಕಾರ್ಖಾನೆಗಳಲ್ಲಿ ಈ ಕಾರ್ಯವನ್ನು ತೆಳುವಾದ ಪೊರೆಗಳು ನಡೆಸುತ್ತಿರುವುವು.

ಪೊರೆಯ ಗುಣವು ಹೊಸ ಸಂಗತಿಯಲ್ಲ. ೧೭೪೮ರಲ್ಲಿ ಫ್ರಾನ್ಸಿನ ನೋಲೆ ಎಂಬ ವಿದ್ವಾಂಸನು ಪ್ರಾಣಿಯ ಮೂತ್ರಕೋಶದ ಪೊರೆಯ ಮೂಲಕ ನೀರು ಮದ್ಯಸಾರದೊಳಕ್ಕೆ ಹಾಯುವುದನ್ನು ಕಂಡನು. ಆದರೆ ಉಪ್ಪನ್ನು ತಡೆದು ನೀರನ್ನು ಧಾರಾಳವಾಗಿ ಬಿಡುವ ಪೊರೆಯು ದೊರೆಯಲು ಇನ್ನೂರು ವರ್ಷಗಳಿಗೂ ಮೇಲಾಯಿತು. ೧೯೬೦ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಎಂಬವರೂ, ಭಾರತೀಯರಾದ ಶ್ರೀನಿವಾಸ ಸೌರಿರಾಜನ್ ಎಂಬವರೂ ಅದನ್ನು ಸಿದ್ಧಪಡಿಸಿದರು.

ಒಂದೇ ಪೊರೆಯಿಂದ ಎಲ್ಲವೂ ಸಾಧ್ಯವಾಗದು. ಮೊದಲನೆಯ ಪೊರೆಯು ಕೆಸರನ್ನೂ ಕ್ರಿಮಿಗಳನ್ನೂ ತಡೆಯುವುದು. ಅದಕ್ಕಿಂತ ಸೂಕ್ಷ್ಮವಾದುದು ಬಣ್ಣವೇ ಮೊದಲಾದ ದೊಡ್ಡ ಅಣುಗಳನ್ನು ಹಿಡಿಯುವುದು. ಕಡೆಯದು ಉಪ್ಪನ್ನು ನಿಲ್ಲಿಸುವುದು. ರಂಧ್ರವು ಕಿರಿದಾದಷ್ಟೂ ಒತ್ತಡವು ಹೆಚ್ಚಬೇಕು. ಸಮುದ್ರದ ನೀರಾದರೆ ವಾಯುಭಾರದ ಸುಮಾರು ೬೦ ಮಡಿ ಒತ್ತಡ ಬೇಕಾಗುವುದು.

ಇನ್ನೊಂದು ಲೆಕ್ಕವನ್ನೂ ವಾಚಕರು ಗಮನಿಸಬೇಕು. ೧೦೦ ಕೊಡ ನೀರಿನಲ್ಲಿ ಮೊದಲ ಹಂತದಲ್ಲಿ ೫೦ ಕೊಡ ಶುದ್ಧವಾಗಿ ಬಂದಿತೆನ್ನೋಣ. ಉಳಿದ ೫೦ ಕೊಡವನ್ನು ಎರಡನೆಯ ಹಂತಕ್ಕೆ ಕಳುಹಿಸಿದರೆ ಮತ್ತೆ ೨೫ ಕೊಡ ದೊರೆಯುವುದು. ಒಟ್ಟು ೭೫ ಕೊಡ ಲಾಭ. ಆದರೆ ಕಡೆಗುಳಿದ ೨೫ ಕೊಡದಲ್ಲಿ ಮೊದಲಿದ್ದ ಉಪ್ಪೆಲ್ಲವೂ ಸೇರಿ ನಾಲ್ಮಡಿ ಗಾಢವಾಗಿರುವುದು. ಪೊರೆಯು ಕಲ್ಮಷವನ್ನು ನಾಶಮಾಡದು, ಒಂದೆಡೆ ಕೂಡಿಸುವುದಷ್ಟೆ.

ಈ ಮಾತು ಬೀದರ ಜಿಲ್ಲೆಯವರಿಗೆ ವಿಶೇಷವಾಗಿ ಅನ್ವಯಿಸುವುದು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳುಂಟು. ಅಂತಹ ಕಾರ್ಖಾನೆಗಳ ಬಳಸಿದ ನೀರಿನಲ್ಲಿ ಲವಣಗಳೂ ದ್ರಾವಕಗಳೂ ಬೆರೆತಿರುವುವು. ಬಾವಿಯ ನೀರು ಕೆಟ್ಟಿತೆಂದು ಸುತ್ತಲಿನ ಹಳ್ಳಿಗರು ದೂರಿದುದೂ ಉಂಟು. ಹುಮನಾಬಾದಿನಲ್ಲಾಗಲಿ ನೆರೆಯ ಬಸವಕಲ್ಯಾಣದಲ್ಲಾಗಲಿ ಬೇಸಿಗೆಯಲ್ಲಿ ರೈತನಿಗೆ ಬಾವಿ, ಕೊಳವೆ ಬಾವಿಗಳೇ ಆಧಾರ. ಜಂಬಿಟ್ಟಿಗೆ ಕಲ್ಲಿನ ನೆಲವು ಮಳೆಯ ನೀರನ್ನು ಹೇಗೋ ಹಾಗೆಯೇ ಹೊಲಸನ್ನೂ ಒಳಗೆ ಬಿಟ್ಟುಕೊಳ್ಳುವುದು. ಒಮ್ಮೆ ಕೆಟ್ಟ ಅಂತರ್ಜಲವು ತಿಳಿಯಾಗಲು ಬಹುಕಾಲ ಬೇಕು.

ಆದುದರಿಂದ ಪೊರೆಗಳನ್ನಿಟ್ಟು ನೀರನ್ನು ಮರಳಿ ಬಳಸುವ ಕಾರ್ಖಾನೆಯು ಶ್ಲಾಘ್ಯವೇ ಸರಿ. ಕಡೆಗುಳಿದ ಗಾಢ ದ್ರವವನ್ನು ಕಾಯಿಸಿ ಒಣಗಿಸಿ, ಆ ಗಟ್ಟಿ ಉಪ್ಪನ್ನು ನಿಯಮದಂತೆ ಭದ್ರವಾದ ಎಡೆಗೆ ಸಾಗಿಸಿದಾಗಲೇ ಕೆಲಸವು ಪೂರ್ಣವಾಗುವುದು. ಈ ಕೊನೆಯ ಹಂತವೇ ಎಲ್ಲಕ್ಕಿಂತ ವೆಚ್ಚದ್ದು. ಮೈಗಳ್ಳತನಕ್ಕೆ ಅವಕಾಶವಿರುವುದೂ ಇಲ್ಲಿಯೇ.

ನಮ್ಮ ಮನೆಗಳಲ್ಲಿ ಗೋಡೆಗೆ ತಗುಲಿಸಿದ ನೀರು ಶುದ್ಧಮಾಡುವ ಯಂತ್ರದಲ್ಲಿಯೂ ಇದೇ ಪೊರೆಯಿದ್ದು, ಒಂದು ಸಣ್ಣ ಕೊಳವೆಯಿಂದ ಉಪ್ಪುನೀರು ಹೊರಬೀಳುತ್ತಿರುವುದು. ಅದನ್ನು ಚರಂಡಿಗೆ ಬಿಡದೆ ನೆಲ ಒರೆಸಲು ಹಿಡಿದಿಡುವ ಗೃಹಿಣಿಯು ಈ ಶಾಸ್ತ್ರದ ಸಾರವನ್ನರಿತವಳು. ಸೋಸಿದ ನೀರು ಎಷ್ಟು ತಿಳಿಯಾಗಿದೆಯೆಂದು ಕೇಳುವವರು, ಉಳಿದುದು ಎಲ್ಲಿಗೆ ಹೋಯಿತೆಂಬುದನ್ನೂ ತಪ್ಪದೆ ಕೇಳತಕ್ಕುದು.