ಖಾಸಗಿ ಶಾಲೆ ಹುಟ್ಟೋದು, ಬೆಳೆಯೋದು ಹೆಂಗ? ಅಡ್ಮಿಷನ್ ಮಾಡಿಸೋ ಮೊದಲು ಪಾಲಕರು ತಿಳಿಯಬೇಕಾದ್ದು

ಅಳ್ನಾವರ: ಜೂನ್ ಬಂತಂದ್ರ ಪೇಟೆಯೊಳಗ ಅಂಗಡಿಕಾರರಿಂದ ಹಿಡಿದು ಕೂಲಿಕಾರರ ತನಕ ಎಲ್ಲರದೂ ಒಂದೇ ಲೆಕ್ಕ. ಫೀ ಎಷ್ಟು, ನೋಟ್‌ಬುಕ್ ಎಷ್ಟು, ಯೂನಿಫಾರ್ಮ್ ಎಷ್ಟು, ವ್ಯಾನಿಗೆ ಎಷ್ಟು? ಆದರೆ ಆ ಶಾಲೆ ಯಾರ ಅನುಮತಿ ಮೇಲೆ ನಡೀತದ, ಯಾರ ದುಡ್ಡಿನ ಮೇಲೆ ನಿಂತದ ಅಂತ ಕೇಳುವವರು ಕಡಿಮೆ. ಮಗುವಿನ ಹತ್ತು ವರ್ಷದ ಓದು ನಿಂತಿರೋದು ಈ ಎರಡು ಪ್ರಶ್ನೆಗಳ ಮೇಲೆಯೇ.

ಏಳು ಮಂದಿ ಮೇಷ್ಟ್ರು ಕಟ್ಟಿದ ಶಾಲೆ

ಖಾಸಗಿ ಶಾಲೆ ಹೆಂಗ ಬೆಳೀತದ ಅನ್ನೋದಕ್ಕೆ ನಮ್ಮ ಭಾಗದ ದೊಡ್ಡ ಉದಾಹರಣೆ ಕೆಎಲ್ಇ ಸಂಸ್ಥೆ. ಇಂದು ಆಸ್ಪತ್ರೆ, ಇಂಜಿನಿಯರಿಂಗ್ ಕಾಲೇಜು ಅಂತ ಎಲ್ಲರಿಗೂ ಗೊತ್ತಿರುವ ಈ ಸಂಸ್ಥೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯಾಗಿ ಶುರುವಾಯಿತು.

ಅದು ಬ್ರಿಟಿಷರ ಮುಂಬೈ ಪ್ರಾಂತ್ಯದ ಕಾಲ. ಈ ಭಾಗದ ಹುಡುಗರು ದೊಡ್ಡ ಓದಿಗೆ ಪುಣೆ, ಮುಂಬೈಗೆ ಹೋಗಬೇಕಿತ್ತು. ಹಂಗ ಹೋಗಿ ಓದಿ ಬಂದ ತರುಣರು ಪುಣೆಯಲ್ಲಿ 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಕೆಲಸ ನೋಡಿದ್ದರು. ನಮ್ಮಲ್ಲೂ ಅಂಥದ್ದೊಂದು ಬೇಕು ಅಂತ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಎಚ್.ಎಫ್. ಕಟ್ಟೀಮನಿ ಸೇರಿ ಏಳು ಮಂದಿ ಮುಂದೆ ಬಂದರು. ಸರ್ಕಾರಿ ನೌಕರಿಯ ಆಸೆ ಬಿಟ್ಟು ಪಾಠ ಹೇಳಲು ನಿಂತ ಇವರನ್ನೇ ಜನ ಇಂದಿಗೂ ‘ಸಪ್ತರ್ಷಿಗಳು’ ಅನ್ನುತ್ತಾರೆ.

ಇವರ ಹತ್ತಿರ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ದುಡ್ಡು ಬಂದಿದ್ದು ದಾನಿಗಳಿಂದ. ಅದಕ್ಕೂ ಮೊದಲೇ, 1883ರಲ್ಲಿ, ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳ ನೆರವಿಗೆ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದ್ದ ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರ ಹೆಸರೇ ಮುಂದೆ ಬೆಳಗಾವಿ ಶಾಲೆಗೆ ಬಂತು. ಜಿ.ಎ. ಹೈಸ್ಕೂಲ್ ಅಂದರೆ ಗಿಲಗಂಚಿ-ಅರಟಾಳ ಹೈಸ್ಕೂಲ್. ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟ ಸಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಿನಲ್ಲಿ 1933ರಲ್ಲಿ ಲಿಂಗರಾಜ ಕಾಲೇಜು ಆಯಿತು. 1947ರಲ್ಲಿ ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯ ಮೆಡಿಕಲ್ ಕಾಲೇಜು ಬಂದವು. ಹೈಸ್ಕೂಲಿನಿಂದ ಕಾಲೇಜಿಗೆ ಬರಲಿಕ್ಕೇ 17 ವರ್ಷ ಹಿಡೀತು ಅನ್ನೋದು ಗಮನಿಸಬೇಕು.

ದಾನ, ಅನುದಾನ, ಫೀ

ಶಾಲೆ ನಡೆಯುವುದು ಈ ಮೂರರ ಮೇಲೆ. ಹಳೆಯ ಸಂಸ್ಥೆಗಳು ದಾನದಿಂದ ಹುಟ್ಟಿ ಸರ್ಕಾರದ ಅನುದಾನದಿಂದ ಬೆಳೆದವು. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡ್ತದ. ಹಂಗಾಗಿ ಅಲ್ಲಿ ಫೀ ಕಡಿಮೆ.

1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಬೇಡಿಕೆ ಇಡುತ್ತಲೇ ಇವೆ. ಅನುದಾನ ಇಲ್ಲದ ಶಾಲೆಗೆ ಉಳಿಯೋದು ಫೀ ಒಂದೇ. ಶಿಕ್ಷಕರ ಸಂಬಳ, ಕಟ್ಟಡದ ಬಾಡಿಗೆ, ವ್ಯಾನಿನ ಡೀಸೆಲ್ ಎಲ್ಲಾ ಅದರಾಗ ಬರಬೇಕು. ಇತ್ತ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮ ಕಡ್ಡಾಯ ಮಾಡಿದ್ದ ಸರ್ಕಾರದ 1994ರ ಆದೇಶ ನಿಲ್ಲೋದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂಗ್ಲಿಷ್ ಮಾಧ್ಯಮ ಶಾಲೆಗಳ ದಾರಿ ಸಲೀಸಾಯಿತು.

ಪೂರ್ತಿ ದಾನದ ಮೇಲೆ ನಡೆಯುವ ಶಾಲೆಯೂ ನಮ್ಮ ಪಕ್ಕದಲ್ಲೇ ಐತಿ. ಧಾರವಾಡ ತಾಲೂಕಿನ ಕಲಕೇರಿ ಸಂಗೀತ ವಿದ್ಯಾಲಯವನ್ನು 2002ರಲ್ಲಿ ಶುರು ಮಾಡಿದ್ದು ಕೆನಡಾದ ಮ್ಯಾಥ್ಯೂ ಫೋರ್ಟಿಯೇ ಮತ್ತು ಸಂಗಡಿಗರು. ಬಡ ಮಕ್ಕಳಿಗೆ ಊಟ, ವಸತಿ, ಶಾಲೆ ಪಾಠ, ಹಿಂದೂಸ್ತಾನಿ ಸಂಗೀತ ಎಲ್ಲವೂ ಅಲ್ಲಿ ಉಚಿತ.

ಕಾನೂನು ಏನು ಹೇಳ್ತದ?

ಇಂದು ಏಳು ಮಂದಿ ಸೇರಿ ಮನಸ್ಸು ಮಾಡಿದರೆ ಸಾಲದು. ಮೊದಲು ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ ಆಗಬೇಕು. ಆಮೇಲೆ ಶಿಕ್ಷಣ ಇಲಾಖೆಯ ಅನುಮತಿ, ಮಾನ್ಯತೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳು:

• ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ ಇರಬೇಕು.

• 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಬೇಕೇ ಬೇಕು.

• ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂ. ತನಕ ದಂಡ, ಮುಂದುವರಿಸಿದರೆ ದಿನಕ್ಕೆ 10 ಸಾವಿರ ರೂ.

• ಡೊನೇಷನ್ ತಗೊಂಡರೆ ತಗೊಂಡಿದ್ದರ ಹತ್ತು ಪಟ್ಟು ತನಕ ದಂಡ.

ಖಾಸಗಿ ಶಾಲೆಯ 25 ಶೇಕಡಾ ಆರ್‌ಟಿಇ ಸೀಟಿನ ಬಗ್ಗೆ ಇನ್ನೂ ಗೊಂದಲ ಇದೆ. 2019ರಲ್ಲಿ ರಾಜ್ಯದ ನಿಯಮ ಬದಲಾಯಿತು. ಅದರ ಪ್ರಕಾರ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆಯಲ್ಲಿ ಈ ಸೀಟು ಸಿಗೋದಿಲ್ಲ.

ಅಡ್ಮಿಷನ್ ಮುಂಚೆ ಇಷ್ಟು ಕೇಳ್ರಿ

ಒಂದು, ಮಾನ್ಯತೆ ಪತ್ರ ತೋರಿಸ್ರಿ ಅನ್ನಬೇಕು. ಎಷ್ಟನೇ ತರಗತಿ ತನಕ, ಯಾವ ಮಾಧ್ಯಮಕ್ಕೆ ಅಂತ ಅದರಾಗ ಇರ್ತದ. ಕನ್ನಡ ಮಾಧ್ಯಮಕ್ಕೆ ಅನುಮತಿ ತಗೊಂಡು ಇಂಗ್ಲಿಷ್ ಮಾಧ್ಯಮ ನಡೆಸಿದ್ದಕ್ಕೆ ಇಲಾಖೆ ನೋಟಿಸ್ ಕೊಟ್ಟ ಪ್ರಕರಣಗಳು ರಾಜ್ಯದಲ್ಲಿ ಆಗಿವೆ.

ಎರಡು, ಶಾಲೆಯ ಯುಡೈಸ್ ನಂಬರ್ ಕೇಳಬೇಕು. ಅದನ್ನು ಹಿಡಿದು ಬಿಇಒ ಕಚೇರಿಯಲ್ಲಿ ವಿಚಾರಿಸಬಹುದು.

ಮೂರು, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ತಗೋಬೇಕು. ‘ಬಿಲ್ಡಿಂಗ್ ಫಂಡ್’ ಅಂತ ಕೈಯಿಂದ ಕೈಗೆ ಹೋದ ದುಡ್ಡಿಗೆ ಮುಂದೆ ದೂರು ಕೊಡಲಿಕ್ಕೂ ಆಧಾರ ಇರೋದಿಲ್ಲ.

ಮಾನ್ಯತೆ ಇಲ್ಲದ ಶಾಲೆ ನಡುವೆ ಮುಚ್ಚಿದರೆ ಟಿಸಿಗೂ ತಕರಾರು, ಎಸ್‌ಎಸ್‌ಎಲ್‌ಸಿ ನೋಂದಣಿಗೂ ತಕರಾರು. ಕಟ್ಟಿದ ಫೀ ಹೋದರೆ ಮತ್ತೆ ದುಡಿಯಬಹುದು, ಮಗುವಿನ ಒಂದು ವರ್ಷ ಹೋದರೆ ಹೋದಂಗ. ಅಂಗಡಿಯೊಳಗ ಹತ್ತು ರೂಪಾಯಿ ಸಾಮಾನಿಗೂ ಡೇಟ್ ನೋಡಿ ತಗೊಳ್ಳುವ ನಾವು ಶಾಲೆಯ ಕಾಗದ ಒಂದು ಸಲ ನೋಡಿದರೆ ತಪ್ಪೇನಿಲ್ಲ.